ಮಿದುಳಿನ ತೂಬು: ಆತಂಕದ ಮಾತ್ರೆ, ನಿದ್ದೆಯ ಮಾತ್ರೆ ಕೆಲಸ ಮಾಡುವ ಬಗೆ

ಆತಂಕಕ್ಕೆಂದು ವೈದ್ಯರು ಬರೆದುಕೊಡುವ ಅಲ್ಪ್ರಜೋಲಾಂ ಮಾತ್ರೆಗಳಲ್ಲಿ ಸಣ್ಣದು 0.25 ಮಿಲಿಗ್ರಾಂನದು. ಒಂದು ಗ್ರಾಂ ಔಷಧದಿಂದ ಇಂಥ ನಾಲ್ಕು ಸಾವಿರ ಮಾತ್ರೆ ತಯಾರಿಸಬಹುದು. ಕೈಗೆ ಸಿಗುವ ಮಾತ್ರೆಯ ಗಾತ್ರವೆಲ್ಲ ಪಿಷ್ಟ, ಹಾಲುಸಕ್ಕರೆಗಳಂಥ ಪೂರಕ ವಸ್ತುಗಳದ್ದು. ಅದರೊಳಗಿನ ಔಷಧವನ್ನು ಬೇರೆ ಮಾಡಿ ಅಂಗೈ ಮೇಲೆ ಇಟ್ಟರೆ ಕಣ್ಣಿಗೆ ಒಂದು ಚುಕ್ಕಿಯಷ್ಟೂ ಕಾಣಲಿಕ್ಕಿಲ್ಲ. ಹೀಗಿದ್ದೂ, ನುಂಗಿದ ಒಂದೆರಡು ಗಂಟೆಯೊಳಗೆ ಎದೆಬಡಿತ ತಗ್ಗುತ್ತದೆ, ಬಿಗಿದ ಕತ್ತಿನ ಸ್ನಾಯುಗಳು ಸಡಿಲಾಗುತ್ತವೆ, ಸುತ್ತಿ ಸುತ್ತಿ ಬರುತ್ತಿದ್ದ ಒಂದೇ ಯೋಚನೆ ಹಿಂದೆ ಸರಿಯುತ್ತದೆ. ಸುಮಾರು 1.4 ಕಿಲೋಗ್ರಾಂ ತೂಗುವ ಮಿದುಳಿನ ಮೇಲೆ ಒಂದು ಗ್ರಾಂನ ನಾಲ್ಕು ಸಾವಿರದಲ್ಲೊಂದು ಪಾಲು ಇಷ್ಟು ಪ್ರಭಾವ ಬೀರುವುದಾದರೂ ಹೇಗೆ?

ಮಿದುಳಿನಲ್ಲಿ ಮೊದಲಿನಿಂದಲೂ ಇರುವ, ಪ್ರತಿ ಕ್ಷಣವೂ ದುಡಿಯುತ್ತಿರುವ ಒಂದು ತಡೆಯ ವ್ಯವಸ್ಥೆಯ ಕೈಯನ್ನು ಈ ಔಷಧ ಬಲಪಡಿಸುತ್ತದೆ. ಹೊರಗಿನಿಂದ ಹೊಸದೇನನ್ನೂ ತರುವುದಿಲ್ಲ. ಇದರಿಂದ ಆಗುವ ಉಪಕಾರ, ಒದಗುವ ಅಪಾಯ, ವರ್ಷಗಟ್ಟಲೆ ತೆಗೆದುಕೊಂಡವರಿಗೆ ಬಿಡುವಾಗ ಎದುರಾಗುವ ಕಷ್ಟ, ಎಲ್ಲಕ್ಕೂ ಮೂಲ ಈ ಒಂದೇ ಸಂಗತಿ. ಇದನ್ನು ಸರಿಯಾಗಿ ಗ್ರಹಿಸಿದರೆ, ‘ಮದ್ಯದ ಜೊತೆ ಬೇಡ’, ‘ತಾವಾಗಿ ನಿಲ್ಲಿಸಬೇಡಿ’, ‘ನಾಲ್ಕು ವಾರಕ್ಕಿಂತ ಹೆಚ್ಚು ಬೇಡ’ ಎಂದು ವೈದ್ಯರು ಹೇಳುವ ಮಾತುಗಳಿಗೆಲ್ಲ ಕಾರಣ ತಾನಾಗಿ ತಿಳಿಯುತ್ತದೆ.

ನರಕೋಶಗಳು ಒಂದಕ್ಕೊಂದು ರವಾನಿಸುವ ಸಂದೇಶಗಳಲ್ಲಿ ಮುಖ್ಯವಾದವು ಎರಡು ಬಗೆ: ‘ಹೊರಡು’ ಮತ್ತು ‘ತಡೆ’. ಹೊರಡು ಎನ್ನುವ ಕೆಲಸವನ್ನು ಮಿದುಳಿನಲ್ಲಿ ಹೆಚ್ಚಾಗಿ ಮಾಡುವ ರಾಸಾಯನಿಕ ಗ್ಲುಟಮೇಟ್. ತಡೆ ಎನ್ನುವುದು ಗಾಮಾ ಅಮೈನೊ ಬ್ಯುಟಿರಿಕ್ ಆಮ್ಲ, ಚಿಕ್ಕದಾಗಿ ಗಾಬಾ. ಗಾಬರಿ ಎಂಬ ನಮ್ಮ ಮಾತಿಗೂ ಈ ಹೆಸರಿಗೂ ಯಾವ ನಂಟೂ ಇಲ್ಲ. ಆದರೆ ಗಾಬರಿಯನ್ನು ಅಡಗಿಸುವುದು ಗಾಬಾ ಎಂದು ನೆನಪಿಟ್ಟುಕೊಂಡರೆ ಹೆಸರು ಮರೆಯುವುದಿಲ್ಲ. ಮಿದುಳಿನ ಹೊರಪದರದಲ್ಲಿ ಸುಮಾರು ಐದರಲ್ಲಿ ಒಂದು ನರಕೋಶ ಈ ತಡೆಯುವ ಕೆಲಸಕ್ಕೇ ಮೀಸಲು. ಸಂಖ್ಯೆಯಲ್ಲಿ ಕಡಿಮೆಯಾದರೂ ಸುತ್ತಲಿನ ನೂರಾರು ಕೋಶಗಳು ಯಾವಾಗ ಸಿಡಿಯಬೇಕು (ಅಂದರೆ ಸಂದೇಶ ಕಳಿಸಬೇಕು), ಯಾವಾಗ ಸುಮ್ಮನಿರಬೇಕು ಎಂಬುದನ್ನು ಇವು ನಿರ್ಧರಿಸುತ್ತವೆ.

ಈ ತಡೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಘಟ್ಟದ ಕಾಡಿನಲ್ಲೇ ಇದೆ. ಕಾಕಮಾರಿ ಎಂಬ ಬಳ್ಳಿಯ ಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಳೆಯದು. ಮೀನುಗಳು ದಿಕ್ಕುತಪ್ಪಿ ಸುತ್ತಿ, ನಿಶ್ಚೇಷ್ಟಿತವಾಗಿ ಮೇಲೆ ತೇಲುತ್ತವೆ. ಆ ಬೀಜದಲ್ಲಿರುವ ಪಿಕ್ರೊಟಾಕ್ಸಿನ್ ಎಂಬ ಕಹಿ ವಸ್ತು ಗಾಬಾ ನರಕೋಶದ ಪೊರೆಯಲ್ಲಿ ತೆರೆಯುವ ಕಾಲುವೆಯೊಳಕ್ಕೇ ಹೊಕ್ಕು ಅದನ್ನು ಮುಚ್ಚಿಬಿಡುತ್ತದೆ. ಮನುಷ್ಯರಲ್ಲಿ ಇದರ ಪರಿಣಾಮ ತೀವ್ರವಾದ ಸೆಳವು, ಆಡುಮಾತಿನಲ್ಲಿ ಹೇಳುವ ಫಿಟ್ಸ್. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಲಾಗುತ್ತಿದ್ದ, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆಹಿಡಿದ ಎಂಡೋಸಲ್ಫಾನ್ ಕೂಡ ಕೀಟಗಳನ್ನು ಕೊಲ್ಲುವುದು ಗಾಬಾದ ಕಾಲುವೆಯನ್ನು ಮುಚ್ಚುವುದರ ಮೂಲಕವೇ. ಅದನ್ನು ಕುಡಿದು ಅಥವಾ ಉಸಿರಾಡಿ ತೀವ್ರ ವಿಷಬಾಧೆಗೆ ಒಳಗಾದವರಿಗೂ ಮೊದಲು ಬರುವ ಗಂಡಾಂತರ ಸೆಳವು, ಅದಕ್ಕೆ ಮೊದಲು ಕೊಡುವ ಮದ್ದು ಡಯಾಜೆಪಾಂ ಅಥವಾ ಲೊರಾಜೆಪಾಂ. ವಿಷ ಮುಚ್ಚಿದ ಕಾಲುವೆಯನ್ನೇ ಮದ್ದು ತೆರೆಯಲು ಹೆಣಗುತ್ತದೆ.

ವಿಚಿತ್ರವೆಂದರೆ ಮಿದುಳು ಗಾಬಾವನ್ನು ತಯಾರಿಸಿಕೊಳ್ಳುವುದು ಅದರ ಎದುರಾಳಿಯಾದ ಗ್ಲುಟಮೇಟ್‌ನಿಂದಲೇ. ಗ್ಲುಟಮೇಟ್‌ನ ಅಣುವಿನಿಂದ ಒಂದು ಇಂಗಾಲದ ಡೈಆಕ್ಸೈಡನ್ನು ಕಿಣ್ವವೊಂದು ಕಳಚಿಹಾಕಿದರೆ ಉಳಿಯುವುದು ಗಾಬಾ. ಆ ಕಿಣ್ವ ಕೆಲಸ ಮಾಡಬೇಕಾದರೆ ಬಿ6 ಜೀವಸತ್ವ ಬೇಕು. ಕ್ಷಯರೋಗಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರಿಗೆ ಜೊತೆಯಲ್ಲೊಂದು ಪಿರಿಡಾಕ್ಸಿನ್ (ಬಿ6 ಜೀವಸತ್ವ) ಮಾತ್ರೆ ಕೊಡುವುದನ್ನು ಹಲವರು ಕಂಡಿರಬಹುದು. ಐಸೋನಿಯಾಜಿಡ್ ಬಿ6 ಜೀವಸತ್ವವನ್ನು ಬರಿದುಮಾಡುತ್ತದೆ ಎಂಬುದೇ ಅದಕ್ಕೆ ಕಾರಣ. ದಿನನಿತ್ಯದ ಪ್ರಮಾಣದಲ್ಲಿ ಅದರಿಂದ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಬರಬಹುದು. ಯಾರಾದರೂ ಅತಿಯಾಗಿ ಐಸೋನಿಯಾಜಿಡ್ ನುಂಗಿದರೆ ಮಿದುಳಿನಲ್ಲಿ ಗಾಬಾ ಕುಸಿದು, ಸಾಮಾನ್ಯ ಔಷಧಗಳಿಗೆ ಬಗ್ಗದ ಸೆಳವು ಶುರುವಾಗುತ್ತದೆ. ಆಗ ರಕ್ತನಾಳದ ಮೂಲಕ ಪಿರಿಡಾಕ್ಸಿನ್ ಕೊಡಲೇಬೇಕು. ಗಾಬಾವೇ ಇಲ್ಲದಾಗ ಬರೀ ಡಯಾಜೆಪಾಂ ಏಕೆ ಸೋಲುತ್ತದೆ ಎಂಬುದು ಮುಂದಿನ ಮಾತುಗಳಿಂದ ಸ್ಪಷ್ಟವಾಗುತ್ತದೆ.

ಮಿದುಳಿನಲ್ಲಿ ಗಾಬಾ ಇದೆಯೆಂದು 1950ರಲ್ಲಿ ಯೂಜಿನ್ ರಾಬರ್ಟ್ಸ್ ಮತ್ತು ಜತೆಗಾರರು ತೋರಿಸಿದರು. ಅದು ಅಲ್ಲಿ ಮಾಡುವುದೇನು ಎಂಬುದು ಒಪ್ಪಿತವಾಗಲು ಇನ್ನೂ ಹದಿನೈದು ಇಪ್ಪತ್ತು ವರ್ಷ ಹಿಡಿಯಿತು. ಅದು ಹೋಗಿ ಕೂರುವ ಜಾಗವೇ ಗ್ರಾಹಕ, ಅಂದರೆ ನರಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನು. ಗಾಬಾಕ್ಕೆ ಎರಡು ಮುಖ್ಯ ಬಗೆಯ ಗ್ರಾಹಕಗಳಿವೆ. ನಮ್ಮ ವಿಷಯಕ್ಕೆ ಬೇಕಾದುದು, ಮೇಲೆ ಹೇಳಿದ ಕಾಲುವೆಯನ್ನು ತನ್ನೊಳಗೇ ಇಟ್ಟುಕೊಂಡಿರುವ ಗಾಬಾ-ಎ. ಇನ್ನೊಂದಾದ ಗಾಬಾ-ಬಿ, ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಔಷಧದ ತಾಣ. ಅದರ ಗೊಡವೆ ಇಲ್ಲಿ ಬೇಡ.

ಗಾಬಾ-ಎ ಗ್ರಾಹಕವನ್ನು ಹಳ್ಳಿಯ ಕೆರೆಯ ತೂಬಿನಂತೆ ಭಾವಿಸಿಕೊಳ್ಳಬಹುದು. ನರಕೋಶದ ಹೊರಗೆ ಕ್ಲೋರೈಡ್ ಅಯಾನುಗಳು ಹೇರಳವಾಗಿವೆ, ಒಳಗೆ ಕಡಿಮೆ. ನಡುವೆ ಪೊರೆ ಎಂಬ ಏರಿ, ಏರಿಯಲ್ಲಿ ಅಲ್ಲಲ್ಲಿ ತೂಬು. ತೂಬು ಎತ್ತುವ ಅಧಿಕಾರ ನೀರುಗಂಟಿಯದು, ಇಲ್ಲಿನ ನೀರುಗಂಟಿ ಗಾಬಾ. ಎರಡು ಗಾಬಾ ಅಣುಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತಾಗ ತೂಬು ಕೆಲವು ಸಾವಿರದಲ್ಲೊಂದು ಸೆಕೆಂಡಿನಷ್ಟು ಹೊತ್ತು ತೆರೆದುಕೊಂಡು, ಋಣ ವಿದ್ಯುದಾವೇಶದ ಕ್ಲೋರೈಡ್ ಒಳಕ್ಕೆ ಹರಿಯುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ, ಅದು ಸುಮಾರು 55ಕ್ಕೆ ಇಳಿದರೆ ಕೋಶ ಸಿಡಿದು ಮುಂದಿನದಕ್ಕೆ ಸಂದೇಶ ಕಳಿಸುತ್ತದೆ. ಕ್ಲೋರೈಡ್ ಒಳಗೆ ಬಂದಷ್ಟೂ ಕೋಶ ಆ ಅಂಚಿನಿಂದ ದೂರ ಉಳಿಯುತ್ತದೆ. ಗ್ಲುಟಮೇಟ್ ಬಂದು ಎಷ್ಟು ಒತ್ತಾಯಿಸಿದರೂ, ತೆರೆದ ತೂಬಿನ ಮೂಲಕ ಆ ಒತ್ತಡ ಸೋರಿಹೋಗುತ್ತದೆ.

ಈ ತೂಬು ಒಂದೇ ತುಂಡಿನಿಂದ ಆದದ್ದಲ್ಲ. ಐದು ಪ್ರೋಟೀನ್ ಪಟ್ಟಿಗಳು ಪೀಪಾಯಿಯ ಹಲಗೆಗಳಂತೆ ಸುತ್ತ ನಿಂತು ನಡುವೆ ಒಂದು ರಂಧ್ರ ಉಂಟುಮಾಡುತ್ತವೆ. ಆ ಹಲಗೆಗಳಲ್ಲಿ ಬಗೆಗಳು ಹಲವು: ಆಲ್ಫಾ ಆರು, ಬೀಟಾ ಮೂರು, ಗಾಮಾ ಮೂರು, ಇನ್ನೂ ಕೆಲವು ಸೇರಿ ಮನುಷ್ಯನಲ್ಲಿ ಒಟ್ಟು 19 ಜೀನುಗಳು. ಹೆಚ್ಚು ಕಡೆ ಕಂಡುಬರುವ ಜೋಡಣೆಯಲ್ಲಿ ಎರಡು ಆಲ್ಫಾ-1, ಎರಡು ಬೀಟಾ-2, ಒಂದು ಗಾಮಾ-2 ಇರುತ್ತವೆ. ಗಾಬಾ ಕೂರುವುದು ಬೀಟಾ ಮತ್ತು ಆಲ್ಫಾ ಹಲಗೆಗಳು ಸೇರುವ ಸಂದಿನಲ್ಲಿ. ಅಂಥ ಸಂದು ಎರಡಿವೆ. ಅಲ್ಪ್ರಜೋಲಾಂ, ಡಯಾಜೆಪಾಂ, ಲೊರಾಜೆಪಾಂ, ಕ್ಲೊನಾಜೆಪಾಂ ಮೊದಲಾದ ಬೆಂಜೊಡಯಾಜೆಪೀನ್ ಬಳಗದ ಔಷಧಗಳು ಕೂರುವುದು ಬೇರೆ ಸಂದಿನಲ್ಲಿ, ಆಲ್ಫಾ ಮತ್ತು ಗಾಮಾ ಹಲಗೆಗಳ ನಡುವೆ. ಅವು ನೀರುಗಂಟಿಯ ಜಾಗವನ್ನು ಕಿತ್ತುಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ತೂಬಿನ ಕೀಲಿಗೆ ಎಣ್ಣೆ ಬಿಡುತ್ತವೆ. ಅದೇ ಗಾಬಾ, ಅದೇ ಪ್ರಮಾಣ, ಆದರೆ ತೂಬು ತೆರೆದುಕೊಳ್ಳುವುದು ಮೊದಲಿಗಿಂತ ಹೆಚ್ಚು ಸಲ.

ಇವುಗಳಿಗಿಂತ ಹಿಂದಿನ ಪೀಳಿಗೆಯ ಬಾರ್ಬಿಟ್ಯುರೇಟ್‌ಗಳ ರೀತಿಯೇ ಬೇರೆ. ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೇರಿಂಗ್ ಎಂಬ ಜರ್ಮನ್ ವಿಜ್ಞಾನಿಗಳಿಂದಾಗಿ 1903ರಲ್ಲಿ ಬಾರ್ಬಿಟಾಲ್ ನಿದ್ದೆಯ ಮದ್ದಾಗಿ ಬಳಕೆಗೆ ಬಂತು; 1912ರಲ್ಲಿ ಬಂದ ಫಿನೋಬಾರ್ಬಿಟೋನ್ ಅಗ್ಗದ ಅಪಸ್ಮಾರ ಔಷಧವಾಗಿ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ಇವು ತೂಬು ತೆರೆಯುವ ಸಲಗಳನ್ನು ಹೆಚ್ಚಿಸುವುದಿಲ್ಲ, ಒಮ್ಮೆ ತೆರೆದ ತೂಬು ಮುಚ್ಚದಂತೆ ಬಹಳ ಹೊತ್ತು ಹಿಡಿದಿಡುತ್ತವೆ. ಪ್ರಮಾಣ ಏರಿದಂತೆ, ನೀರುಗಂಟಿ ಬಾರದಿದ್ದರೂ ತಾವೇ ತೂಬು ಎತ್ತಿಬಿಡುತ್ತವೆ. ಕೇಳಲು ಸಣ್ಣ ವ್ಯತ್ಯಾಸ, ಆದರೆ ಇದರ ಮೇಲೆ ಸಾವಿರಾರು ಜನರ ಜೀವ ನಿಂತಿತ್ತು. ಬೆಂಜೊಡಯಾಜೆಪೀನ್ ಎಷ್ಟೇ ಹೆಚ್ಚಾದರೂ ಅದು ಮಾಡಬಹುದಾದುದು ಇರುವ ಗಾಬಾದ ಕೆಲಸವನ್ನು ಹೆಚ್ಚಿಸುವುದಷ್ಟೇ, ಹೀಗಾಗಿ ಅದರ ಪರಿಣಾಮಕ್ಕೆ ಒಂದು ಮೇಲ್ಮಿತಿ ಇದೆ. ಬಾರ್ಬಿಟ್ಯುರೇಟ್‌ಗೆ ಆ ಮಿತಿ ಇಲ್ಲ. ನಿದ್ದೆ ತರುವ ಪ್ರಮಾಣಕ್ಕೂ ಮಿದುಳಕಾಂಡದಲ್ಲಿ ಉಸಿರಾಟ ನಡೆಸುವ ಕೋಶಗಳನ್ನೇ ಸುಮ್ಮನಾಗಿಸುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇವುಗಳ ಅತಿಸೇವನೆಯಿಂದ ಪಾಶ್ಚಾತ್ಯ ದೇಶಗಳಲ್ಲಿ ಆದ ಸಾವುಗಳಿಗೆ ಲೆಕ್ಕವಿಲ್ಲ. ಆ ಕಾಲದಲ್ಲಿ ಇದಕ್ಕೆ ಪ್ರತಿವಿಷವಾಗಿ ವೈದ್ಯರು ಬಳಸಿ ನೋಡಿದ್ದರಲ್ಲಿ ನಮ್ಮ ಕಾಕಮಾರಿಯ ಪಿಕ್ರೊಟಾಕ್ಸಿನ್ ಕೂಡ ಒಂದು. ಅದೂ ಸೆಳವು ತರುವ ವಿಷವೇ ಆದುದರಿಂದ ಆ ಚಿಕಿತ್ಸೆ ಉಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಬೆಂಜೊಡಯಾಜೆಪೀನ್ ಬಂದಾಗ ವೈದ್ಯಲೋಕಕ್ಕೆ ಎಷ್ಟು ನಿರಾಳವಾಗಿರಬೇಕು ಎಂಬುದನ್ನು ಊಹಿಸಬಹುದು. ಅಮೆರಿಕದ ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ಹಾಫ್ಮನ್-ಲಾ ರೋಶ್ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನವಿಜ್ಞಾನಿ ಕೆಲವು ಸಂಯುಕ್ತಗಳ ಮೇಲೆ ಕೆಲಸ ಮಾಡಿ, ಫಲ ಕಾಣದೆ ಕೈಬಿಟ್ಟಿದ್ದ. 1957ರಲ್ಲಿ ಪ್ರಯೋಗಾಲಯವನ್ನು ಚೊಕ್ಕಟ ಮಾಡುವಾಗ ಮೂಲೆಯಲ್ಲಿ ಉಳಿದಿದ್ದ, ಯಾರೂ ಪರೀಕ್ಷಿಸದ ಒಂದು ಹರಳಿನ ಪುಡಿ ಸಿಕ್ಕಿತು. ಎಸೆಯುವ ಮುನ್ನ ಪ್ರಾಣಿಗಳ ಮೇಲೆ ಪರೀಕ್ಷೆಗೆ ಕಳಿಸಿದರು. ಅದೇ ಕ್ಲೋರ್‌ಡಯಾಜೆಪಾಕ್ಸೈಡ್, 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ಹಿಂದೆಯೇ ಡಯಾಜೆಪಾಂ, ವೇಲಿಯಂ ಎಂಬ ಹೆಸರಿನಲ್ಲಿ. ಮುಂದಿನ ಹದಿನಾಲ್ಕು ವರ್ಷ ಕೋಟಿಗಟ್ಟಲೆ ಜನ ಇವನ್ನು ನುಂಗಿದರು, ಆದರೆ ಮಿದುಳಿನಲ್ಲಿ ಇವು ನಿಖರವಾಗಿ ಹೋಗಿ ಕೂರುವ ಜಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. 1977ರಲ್ಲಿ ಡೆನ್ಮಾರ್ಕ್ ಮತ್ತು ಸ್ವಿಟ್ಜರ್ಲೆಂಡಿನ ಎರಡು ತಂಡಗಳು ವಿಕಿರಣಶೀಲ ಡಯಾಜೆಪಾಂ ಬಳಸಿ, ಮಿದುಳಿನ ಅಂಗಾಂಶದಲ್ಲಿ ಅದು ಬಿಗಿಯಾಗಿ ಅಂಟಿಕೊಳ್ಳುವ ತಾಣಗಳಿವೆ ಎಂದು ತೋರಿಸಿದವು.

ಒಂದೇ ಔಷಧ ಆತಂಕ ತಗ್ಗಿಸುತ್ತದೆ, ನಿದ್ದೆ ತರುತ್ತದೆ, ಸ್ನಾಯು ಸಡಿಲಿಸುತ್ತದೆ, ಸೆಳವು ನಿಲ್ಲಿಸುತ್ತದೆ, ನೆನಪನ್ನೂ ಮಸುಕಾಗಿಸುತ್ತದೆ. ಇವೆಲ್ಲ ಒಂದೇ ಕೆಲಸದ ಐದು ಮುಖಗಳೋ, ಅಥವಾ ಬೇರೆ ಬೇರೆ ತೂಬುಗಳ ಕೆಲಸವೋ? ಈ ಪ್ರಶ್ನೆಗೆ ಸಿಕ್ಕ ಉತ್ತರ ಔಷಧವಿಜ್ಞಾನದ ಅತಿ ಸೊಗಸಾದ ಪ್ರಯೋಗಗಳಲ್ಲಿ ಒಂದು ಎಂದು ನನಗೆ ಯಾವಾಗಲೂ ಅನಿಸಿದೆ. ಆಲ್ಫಾ-1 ಹಲಗೆಯ 101ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವಿದೆ. ಡಯಾಜೆಪಾಂ ಹಿಡಿತ ಸಾಧಿಸುವುದಕ್ಕೆ ಅದು ಇರಲೇಬೇಕು; ಅಲ್ಲಿ ಆರ್ಜಿನಿನ್ ಇದ್ದರೆ ಔಷಧ ಜಾರಿಬೀಳುತ್ತದೆ, ಗಾಬಾಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ. ಜ್ಯೂರಿಕ್‌ನ ವಿಜ್ಞಾನಿಗಳು ಆ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದ ಇಲಿಗಳನ್ನು ಬೆಳೆಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಇಲಿಗಳಿಗೆ ಡಯಾಜೆಪಾಂ ಕೊಟ್ಟರೆ ಮಂಪರು ಬರಲಿಲ್ಲ, ಅಂಜಿಕೆ ಮಾತ್ರ ಎಂದಿನಂತೆ ತಗ್ಗಿತು. ಮರುವರ್ಷ ಆಲ್ಫಾ-2ರಲ್ಲಿ ಅದೇ ಬದಲಾವಣೆ ಮಾಡಿದಾಗ ಉಲ್ಟಾ ಆಯಿತು: ಮಂಪರು ಬಂತು, ಅಂಜಿಕೆ ತಗ್ಗಲಿಲ್ಲ. ಅಂದರೆ ತೂಕಡಿಕೆ ತರುವುದು ಮುಖ್ಯವಾಗಿ ಆಲ್ಫಾ-1 ಇರುವ ತೂಬು, ಭಯದ ಕೇಂದ್ರವೆನಿಸಿದ ಅಮಿಗ್ಡಲದಂಥ ಭಾಗಗಳನ್ನು ಶಮನಗೊಳಿಸುವುದು ಆಲ್ಫಾ-2 ಇರುವ ತೂಬು. ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಹೇರಳವಾಗಿರುವುದು ಆಲ್ಫಾ-5. ಆತಂಕವನ್ನಷ್ಟೇ ತಗ್ಗಿಸಿ ಮಂಪರು ತರದ ಔಷಧ ಸಾಧ್ಯ ಎಂಬ ಆಸೆ ಅಂದಿನಿಂದ ಇದೆ. ಇಲಿಗಳಲ್ಲಿ ಕಂಡಷ್ಟು ಚೊಕ್ಕವಾಗಿ ಮನುಷ್ಯರಲ್ಲಿ ಅದು ಇನ್ನೂ ಕೈಗೂಡಿಲ್ಲ.

ನಿದ್ದೆಗೆಂದೇ ಬರೆಯುವ ಜೋಲ್ಪಿಡೆಮ್ ರಚನೆಯಲ್ಲಿ ಬೆಂಜೊಡಯಾಜೆಪೀನ್ ಅಲ್ಲ, ಆದರೂ ಅದು ಕೂರುವುದು ಅದೇ ಸಂದಿನಲ್ಲಿ, ಆಲ್ಫಾ-1 ಇರುವ ತೂಬುಗಳಿಗೆ ಹೆಚ್ಚು ಒಲವು ತೋರಿ. ‘ಇದು ಬೇರೆ ಜಾತಿಯ ಮಾತ್ರೆ, ಚಟ ಆಗುವುದಿಲ್ಲ’ ಎಂಬ ನಂಬಿಕೆಯಲ್ಲಿ ಹಲವರು ಅದನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಸಂದು ಒಂದೇ ಆಗಿರುವಾಗ ಆ ನಂಬಿಕೆಗೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಕೊಡುವ, ಹಾಲಿನಂತೆ ಬಿಳಿಯಾದ ಪ್ರೊಪೊಫಾಲ್ ಕೂಡ ಗಾಬಾ-ಎ ತೂಬಿನ ಮೇಲೆಯೇ ಕೆಲಸ ಮಾಡುವುದು, ಆದರೆ ಬೀಟಾ ಹಲಗೆಯ ಕಡೆಯಿಂದ, ಪೊರೆಯೊಳಗೆ ಹುದುಗಿರುವ ಭಾಗವನ್ನು ಹಿಡಿದು; ಹೆಚ್ಚಿನ ಪ್ರಮಾಣದಲ್ಲಿ ಅದೂ ನೀರುಗಂಟಿಯಿಲ್ಲದೆ ತೂಬು ಎತ್ತಬಲ್ಲದು. ಉಸಿರಾಟಕ್ಕೆ ನೆರವಾಗುವ ಸಲಕರಣೆ, ಅದನ್ನು ನಡೆಸಬಲ್ಲ ತಜ್ಞ ಪಕ್ಕದಲ್ಲಿಲ್ಲದೆ ಅದನ್ನು ಕೊಡಬಾರದು ಎನ್ನುವುದು ಇದಕ್ಕೇ. ಹೆಸರು ಕೇಳಿ ಗೊಂದಲವಾಗಬಾರದೆಂದು ಇನ್ನೊಂದು ಮಾತು: ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳ ಹೆಸರಿನಲ್ಲಿ ಗಾಬಾ ಅಡಗಿದ್ದರೂ ಅವು ಗಾಬಾ ಗ್ರಾಹಕವನ್ನು ಮುಟ್ಟುವುದೇ ಇಲ್ಲ; ಅವುಗಳ ತಾಣ ಕ್ಯಾಲ್ಸಿಯಂ ಕಾಲುವೆಯ ಒಂದು ಭಾಗ.

ಬೆಂಜೊಡಯಾಜೆಪೀನ್‌ಗೆ ಮೇಲ್ಮಿತಿ ಇದೆ ಎಂದು ಹೇಳಿದೆ. ಆ ರಕ್ಷಣೆ ಇರುವುದು ಅದನ್ನೊಂದನ್ನೇ ತೆಗೆದುಕೊಂಡಾಗ ಮಾತ್ರ. ಮದ್ಯವೂ ಗಾಬಾದ ತಡೆಯನ್ನು ಬಲಪಡಿಸುತ್ತದೆ, ಜೊತೆಗೆ ಗ್ಲುಟಮೇಟ್‌ನ ಒಂದು ಬಗೆಯ ಗ್ರಾಹಕವನ್ನು ತಗ್ಗಿಸುತ್ತದೆ. ಎರಡೂ ಸೇರಿದಾಗ ಒಂದರ ಮಿತಿ ಇನ್ನೊಂದರಿಂದ ಮುರಿಯುತ್ತದೆ. ಮಲಗಿದವರು ಉಸಿರು ನಿಧಾನವಾಗುತ್ತ ಹೋಗಿ ಏಳದೆ ಇರುವ ಪ್ರಸಂಗಗಳು ಬಹುಮಟ್ಟಿಗೆ ಇಂಥ ಮಿಶ್ರಣದಿಂದಲೇ ಆಗುವುದು. ಮಾರ್ಫಿನ್, ಟ್ರಮಡಾಲ್‌ನಂಥ ನೋವುನಿವಾರಕಗಳ ಜೊತೆಗೂ ಇದೇ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಜೋಡಿಯ ಬಗ್ಗೆ ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಔಷಧಗಳ ಲೇಬಲ್‌ನಲ್ಲಿ ಮುದ್ರಿಸಲು ಆದೇಶಿಸಿತು. ರಾಯಚೂರಿನ ಕಡೆ ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿಯ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಆ ಪುಡಿ ದೇಹದಲ್ಲಿ ಟ್ರೈಕ್ಲೋರೊಎಥನಾಲ್ ಆಗಿ ಮಾರ್ಪಟ್ಟು ಅದೇ ಗಾಬಾ-ಎ ತೂಬನ್ನು ಹಿಡಿಯುತ್ತದೆ. ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಜೋಲಾಂ, ಡಯಾಜೆಪಾಂಗಳನ್ನು ಬೆರೆಸಿದ ಪ್ರಕರಣಗಳು ವರದಿಯಾಗಿವೆ. ಕುಡಿಯುವವರಿಗೆ ತಾವು ಕುಡಿಯುತ್ತಿರುವುದು ಸೇಂದಿ ಎಂದಷ್ಟೇ ಗೊತ್ತು. ಅಂಗಡಿ ಮುಚ್ಚಿದ ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದು ಕಂಡು, ಸೆಳವು ಬಂದು ಆಸ್ಪತ್ರೆ ಸೇರುವಾಗಲೂ ತಮ್ಮ ಮಿದುಳು ಯಾವುದಕ್ಕೆ ಒಗ್ಗಿಹೋಗಿತ್ತು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಬಡವರ ಮೇಲೆ ನಡೆಯುವ ಈ ಮೋಸದ ಬಗ್ಗೆ ನಾವು ಆಡುವ ಮಾತು ಸಾಲದು.

ಸೆಳವಿನ ತುರ್ತಿನಲ್ಲಿ ಈ ಔಷಧಗಳ ಉಪಕಾರ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ತುರ್ತು ಚಿಕಿತ್ಸಾ ಕೊಠಡಿಗೆ ಹಲ್ಲು ಕಚ್ಚಿ, ಬಾಯಲ್ಲಿ ನೊರೆ ಬಂದು, ಇಡೀ ಮೈ ಒಂದೇ ತಾಳಕ್ಕೆ ಅದುರುತ್ತಿರುವ ರೋಗಿಯನ್ನು ಎತ್ತಿಕೊಂಡು ಬರುತ್ತಾರೆ. ನರ್ಸ್ ಒಬ್ಬರು ಕೈಯನ್ನು ಒತ್ತಿ ಹಿಡಿದು ಸೂಜಿ ಸೇರಿಸುತ್ತಾರೆ, 4 ಮಿಲಿಗ್ರಾಂ ಲೊರಾಜೆಪಾಂ ಒಂದೆರಡು ನಿಮಿಷದ ಅವಧಿಯಲ್ಲಿ ನಿಧಾನವಾಗಿ ಒಳಗೆ ಹೋಗುತ್ತದೆ. ಅದುರುವಿಕೆಯ ನಡುವಿನ ಅಂತರ ಹೆಚ್ಚುತ್ತ ಬಂದು, ಭುಜ ಒಮ್ಮೆ ಕುಲುಕಿ, ಮೈ ಸಡಿಲಾಗಿ ದೀರ್ಘವಾದೊಂದು ಉಸಿರು ಬರುತ್ತದೆ. ಸೆಳವು ಐದು ನಿಮಿಷ ದಾಟಿದರೆ ಕಾಯಬಾರದು ಎಂಬ ನಿಯಮಕ್ಕೆ ತೂಬಿನ ಮಟ್ಟದಲ್ಲೇ ಒಂದು ಕಾರಣವಿದೆ. ಸೆಳವು ಮುಂದುವರಿದಷ್ಟೂ ನರಕೋಶಗಳು ಗಾಬಾ-ಎ ಗ್ರಾಹಕಗಳನ್ನು ಪೊರೆಯಿಂದ ಒಳಕ್ಕೆ ಎಳೆದುಕೊಳ್ಳುತ್ತ ಹೋಗುತ್ತವೆ. ತೂಬುಗಳೇ ಕಡಿಮೆಯಾದ ಮೇಲೆ ಎಣ್ಣೆ ಎಷ್ಟು ಬಿಟ್ಟರೇನು? ಮನೆಯಲ್ಲೇ ಮೂಗಿಗೆ ಸಿಂಪಡಿಸುವ ಮಿಡಜೋಲಾಂ ಅನ್ನು ಅಪಸ್ಮಾರವಿರುವ ಮಕ್ಕಳ ತಾಯ್ತಂದೆಯರ ಕೈಗೆ ವೈದ್ಯರು ಕೊಟ್ಟಿರುವುದು ಆ ಮೊದಲ ನಿಮಿಷಗಳನ್ನು ಉಳಿಸಲೆಂದು. ಹಸುಗೂಸುಗಳ ವಿಷಯ ಮಾತ್ರ ಬೇರೆ. ನವಜಾತ ಶಿಶುವಿನ ನರಕೋಶದ ಒಳಗೇ ಕ್ಲೋರೈಡ್ ಹೆಚ್ಚಿರುತ್ತದೆ, ಹಾಗಾಗಿ ತೂಬು ತೆರೆದರೆ ಹರಿವು ಹೊರಮುಖವಾಗಿ, ಗಾಬಾವೇ ಕೋಶವನ್ನು ಕೆರಳಿಸಬಹುದು. ಶಿಶುಗಳ ಸೆಳವು ಈ ಔಷಧಗಳಿಗೆ ಸುಲಭವಾಗಿ ಬಗ್ಗದಿರುವುದಕ್ಕೆ ಇದೊಂದು ಕಾರಣ.

ಬೆಂಜೊಡಯಾಜೆಪೀನ್‌ಗೆ ಪ್ರತಿಮದ್ದೂ ಇದೆ. ಫ್ಲುಮಾಜೆನಿಲ್ ಅದೇ ಸಂದಿನಲ್ಲಿ ಬಂದು ಕುಳಿತು, ತಾನೇನೂ ಮಾಡದೆ ಬೇರೆಯವರಿಗೆ ಜಾಗವಿಲ್ಲದಂತೆ ಮಾಡುತ್ತದೆ. ಆದರೆ ಅದರ ಪ್ರಭಾವ ಒಂದೆರಡು ಗಂಟೆಗೇ ಇಳಿಯುತ್ತದೆ. ಡಯಾಜೆಪಾಂ ದೇಹದಲ್ಲಿ ಅರ್ಧಕ್ಕೆ ಇಳಿಯಲು ಒಂದರಿಂದ ಎರಡು ದಿನ, ಅದು ಮಾರ್ಪಟ್ಟು ಉಂಟಾಗುವ ವಸ್ತುವಿಗೆ ಇನ್ನೂ ಹೆಚ್ಚು. ಎಚ್ಚರಗೊಂಡ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಬಹುಕಾಲದಿಂದ ಮಾತ್ರೆ ನುಂಗುತ್ತಿದ್ದವರಿಗಂತೂ ಇದನ್ನು ಕೊಟ್ಟರೆ ಆ ಕ್ಷಣವೇ ಸೆಳವು ಬರುವ ಭಯವಿದೆ. ಈ ಕೊನೆಯ ಅಪಾಯವೇ ನಮ್ಮನ್ನು ಅವಲಂಬನೆಯ ವಿಷಯಕ್ಕೆ ತಂದು ನಿಲ್ಲಿಸುತ್ತದೆ.

ನನಗೆ ಪರಿಚಯದ ಹಿರಿಯರೊಬ್ಬರು ಏಳೆಂಟು ವರ್ಷದಿಂದ ರಾತ್ರಿ ಊಟವಾದ ಮೇಲೆ ಒಂದು ಅಲ್ಪ್ರಜೋಲಾಂ ತೆಗೆದುಕೊಳ್ಳುತ್ತಿದ್ದರು. ದೂರದೂರಿನ ಮದುವೆಗೆ ಹೋದಾಗ ಮಾತ್ರೆಯ ಪಟ್ಟಿ ಮನೆಯಲ್ಲೇ ಉಳಿಯಿತು. ಮೊದಲ ರಾತ್ರಿ ನಿದ್ದೆ ಬರಲಿಲ್ಲ, ಹೊಸ ಜಾಗವೆಂದುಕೊಂಡರು. ಎರಡನೆಯ ದಿನ ಮಧ್ಯಾಹ್ನ ಕಾಫಿಯ ಲೋಟ ಬಟ್ಟಲಿಗೆ ತಾಗಿ ಸದ್ದಾಗುವಷ್ಟು ಕೈ ನಡುಗುತ್ತಿತ್ತು; ಓಲಗದ ಸದ್ದು ಕಿವಿಗೆ ಚುಚ್ಚಿದಂತಾಗಿ ಎದ್ದು ಹೊರಗೆ ಹೋದರು; ಸಂಜೆಯ ಹೊತ್ತಿಗೆ ಮೈಯೆಲ್ಲ ಬೆವರು, ಕಾರಣವಿಲ್ಲದ ದಿಗಿಲು. ‘ನನ್ನ ಆತಂಕದ ಕಾಯಿಲೆ ಮರುಕಳಿಸಿತು, ನೋಡಿ, ಮಾತ್ರೆ ಬೇಕೇ ಬೇಕು’ ಎಂಬುದು ಅವರ ತೀರ್ಮಾನ. ಹಾಗೆ ಅನಿಸುವುದು ಸಹಜ, ಮತ್ತು ಬಹಳ ಜನ ಸಿಕ್ಕಿಬೀಳುವುದು ಇದೇ ಜಾಗದಲ್ಲಿ. ಅವರಿಗೆ ಮರಳಿದ್ದು ಹಳೆಯ ಆತಂಕವಾಗಿರಲಿಲ್ಲ. ಪ್ರತಿ ರಾತ್ರಿ ಹೊರಗಿನಿಂದ ಎಣ್ಣೆ ಬರುತ್ತಿದೆ ಎಂದು ಅರಿತ ಮಿದುಳು, ಸಮತೋಲ ಕಾಯ್ದುಕೊಳ್ಳಲು ತನ್ನ ತೂಬುಗಳನ್ನು ತಾನೇ ಬಿಗಿಮಾಡಿಕೊಂಡಿತ್ತು: ಔಷಧ ಕೂರುವ ಸಂದಿಗೂ ತೂಬಿನ ಬಾಗಿಲಿಗೂ ಇರುವ ಕೊಂಡಿ ಸಡಿಲವಾಗುತ್ತದೆ, ಕೆಲವು ಹಲಗೆಗಳ ತಯಾರಿ ಬದಲಾಗುತ್ತದೆ, ಎದುರು ಪಕ್ಷವಾದ ಗ್ಲುಟಮೇಟ್‌ನ ಗ್ರಾಹಕಗಳು ಬಲಗೊಳ್ಳುತ್ತವೆ. ಮಾತ್ರೆ ಇರುವವರೆಗೆ ತಕ್ಕಡಿ ಸಮ. ಮಾತ್ರೆ ಏಕಾಏಕಿ ಇಲ್ಲವಾದಾಗ ಬಿಗಿಯಾದ ತೂಬು ಮತ್ತು ಬಲಗೊಂಡ ಗ್ಲುಟಮೇಟ್ ಮಾತ್ರ ಉಳಿಯುತ್ತವೆ.

ಕುಡಿತವನ್ನು ದಿಢೀರನೆ ಬಿಟ್ಟವರಿಗೆ ಆಗುವುದೂ ಇದೇ. ಕೊನೆಯ ಲೋಟದ ನಂತರ 6ರಿಂದ 48 ಗಂಟೆಯೊಳಗೆ ಸೆಳವು ಬರಬಹುದು, ಎರಡರಿಂದ ನಾಲ್ಕನೆಯ ದಿನದಲ್ಲಿ ಭ್ರಮೆ, ಗೊಂದಲ, ಜ್ವರ ಕೂಡಿದ ಸನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವ್ಯಸನ ಬಿಡಿಸುವ ಮೊದಲ ವಾರದಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ ಅಥವಾ ಲೊರಾಜೆಪಾಂ ಕೊಡುವುದು ಈ ಕಾರಣಕ್ಕೇ: ಮದ್ಯ ಖಾಲಿಮಾಡಿದ ಜಾಗವನ್ನು ಅದೇ ತೂಬಿನ ಮೇಲೆ ಕೆಲಸ ಮಾಡುವ, ಅಳೆದು ಕೊಡಬಲ್ಲ ಔಷಧದಿಂದ ತುಂಬಿ, ದಿನದಿನಕ್ಕೆ ಇಳಿಸುತ್ತ ಬರುತ್ತಾರೆ. ಯಕೃತ್ತು ಕೆಟ್ಟವರಿಗೆ ಲೊರಾಜೆಪಾಂ ಆರಿಸಿಕೊಳ್ಳುತ್ತಾರೆ, ಏಕೆಂದರೆ ಅದು ದೇಹದಲ್ಲಿ ಇನ್ನೊಂದು ಸಕ್ರಿಯ ವಸ್ತುವಾಗಿ ಮಾರ್ಪಟ್ಟು ದಿನಗಟ್ಟಲೆ ಉಳಿಯುವುದಿಲ್ಲ.

ಒಗ್ಗಿಕೊಳ್ಳುವಿಕೆ ಎಲ್ಲ ಪರಿಣಾಮಗಳಿಗೂ ಒಂದೇ ವೇಗದಲ್ಲಿ ಆಗುವುದಿಲ್ಲ. ನಿದ್ದೆ ತರುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ನೆನಪಿನ ಮಸುಕು, ಹೆಜ್ಜೆಯ ತಡವರಿಕೆ ಅಷ್ಟಾಗಿ ಕುಂದದೆ ಉಳಿಯಬಹುದು. ವಯಸ್ಸಾದವರಲ್ಲಿ ಔಷಧ ದೇಹದಿಂದ ಹೊರಹೋಗುವುದೂ ನಿಧಾನ, ಮಿದುಳು ಅದಕ್ಕೆ ಮಣಿಯುವುದೂ ಹೆಚ್ಚು. ಮಧ್ಯರಾತ್ರಿ ಬಚ್ಚಲಿಗೆಂದು ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ದಿಂಬಿನ ಕೆಳಗೆ ಈ ಮಾತ್ರೆಯ ಪಟ್ಟಿ ಇದ್ದುದನ್ನು ಮೂಳೆತಜ್ಞರು ಮತ್ತೆ ಮತ್ತೆ ಕಾಣುತ್ತಾರೆ. ನಮ್ಮ ದೇಶದಲ್ಲಿ ಅಲ್ಪ್ರಜೋಲಾಂ, ಡಯಾಜೆಪಾಂ, ಜೋಲ್ಪಿಡೆಮ್‌ಗಳು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಹಳೆಯ ಚೀಟಿಯ ಮೇಲೆಯೇ ತಿಂಗಳ ಮೇಲೆ ತಿಂಗಳು ಮಾತ್ರೆ ಸಿಗುತ್ತಿದ್ದರೆ, ಅದು ಅಂಗಡಿಯವರ ಸೌಜನ್ಯವೆಂದು ತಿಳಿಯಬಾರದು.

ಬಹುಕಾಲ ತೆಗೆದುಕೊಂಡವರು ಬಿಡಬಹುದು, ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದು ವೈದ್ಯರ ಕೂಡೆ ಕುಳಿತು ಯೋಜಿಸಿ ಮಾಡಬೇಕಾದ ಕೆಲಸ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆಗಿನ ಪ್ರಮಾಣದ ನೂರಕ್ಕೆ 5ರಿಂದ 10ರಷ್ಟನ್ನು ಇಳಿಸುತ್ತ ಹೋಗುವುದು ಇಂದು ಹೆಚ್ಚಾಗಿ ಒಪ್ಪಿರುವ ಕ್ರಮ. ತೂಬುಗಳು ಹಳೆಯ ಸ್ಥಿತಿಗೆ ಮರಳಲು ಅಷ್ಟು ಕಾಲಾವಕಾಶ ಬೇಕು. ಇಳಿಕೆಯ ಕೊನೆಯ ಮೆಟ್ಟಿಲುಗಳೇ ಏಕೆ ಕಷ್ಟ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಒಂದು ಔಷಧದ 5 ಮಿಲಿಗ್ರಾಂ ಅರ್ಧದಷ್ಟು ಸಂದುಗಳನ್ನು ತುಂಬುತ್ತದೆ ಎಂದು ಇಟ್ಟುಕೊಳ್ಳೋಣ. ಆಗ 20 ಮಿಲಿಗ್ರಾಂ ತುಂಬುವುದು ನೂರಕ್ಕೆ 80, 15 ತುಂಬುವುದು 75. ಮೇಲಿನಿಂದ 5 ಮಿಲಿಗ್ರಾಂ ತೆಗೆದರೆ ಖಾಲಿಯಾಗುವುದು ನೂರಕ್ಕೆ 5 ಸಂದು ಮಾತ್ರ. ಕೊನೆಯ 5 ಮಿಲಿಗ್ರಾಂ ಒಮ್ಮೆಗೇ ತೆಗೆದರೆ ನೂರಕ್ಕೆ 50 ಸಂದುಗಳು ಏಕಕಾಲಕ್ಕೆ ಬರಿದು. ‘ಇಷ್ಟು ಚಿಕ್ಕ ಮಾತ್ರೆ, ಇನ್ನೇನು ಬಿಟ್ಟುಬಿಡೋಣ’ ಎಂದು ನಿಲ್ಲಿಸಿದವರು ಎಡವುವುದು ಇಲ್ಲಿ.

ಆ ಹಿರಿಯರ ವಿಷಯದಲ್ಲೂ ಹೀಗೇ ಆಯಿತು. 0.25 ಮಿಲಿಗ್ರಾಂ ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿದರು, ಕಾಲು ಮಾಡಹೋದಾಗ ಅದು ಪುಡಿಯಾಯಿತು. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಹೊಟ್ಟೆಗೆ ಹೋಗಿ, ನಡುಕ ಮತ್ತೆ ಬಂತು. ಅಲ್ಪ್ರಜೋಲಾಂ ಸುಮಾರು ಹನ್ನೊಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದರಿಂದ ದಿನಕ್ಕೊಮ್ಮೆ ನುಂಗುವವರ ಮಿದುಳು ಪ್ರತಿ ಸಂಜೆಯೂ ಸಣ್ಣ ಪ್ರಮಾಣದಲ್ಲಿ ಅಭಾವವನ್ನು ಅನುಭವಿಸುತ್ತದೆ. ಅವರ ವೈದ್ಯರು ಅದನ್ನು ಡಯಾಜೆಪಾಂಗೆ ಬದಲಿಸಿದರು. 0.5 ಮಿಲಿಗ್ರಾಂ ಅಲ್ಪ್ರಜೋಲಾಂ ಸುಮಾರು 10 ಮಿಲಿಗ್ರಾಂ ಡಯಾಜೆಪಾಂಗೆ ಸಮ ಎಂಬ ಬಳಕೆಯ ಲೆಕ್ಕದಲ್ಲಿ ಅವರಿಗೆ ಬೇಕಾದುದು 5 ಮಿಲಿಗ್ರಾಂ. ಅದು ದಿನಗಟ್ಟಲೆ ದೇಹದಲ್ಲಿ ಉಳಿದು ತಾನಾಗಿ ನಿಧಾನಕ್ಕೆ ಇಳಿಯುವುದರಿಂದ ಸಂಜೆಯ ನಡುಕ ನಿಂತಿತು. 2 ಮಿಲಿಗ್ರಾಂನ ಮಾತ್ರೆ ದೊರೆಯುವುದರಿಂದ ಅರ್ಧರ್ಧ ಮಿಲಿಗ್ರಾಂ ಇಳಿಸಲು ಅನುಕೂಲವಾಯಿತು. ಐದರಿಂದ ನಾಲ್ಕಕ್ಕೆ ಬಂದದ್ದು ಅವರ ಅರಿವಿಗೇ ಬರಲಿಲ್ಲ. ಒಂದರಿಂದ ಸೊನ್ನೆಗೆ ಬರಲು ಮೂರು ತಿಂಗಳು ಹಿಡಿಯಿತು. ಈಗ ಅವರು ಮಧ್ಯರಾತ್ರಿ ಒಮ್ಮೆ ಎಚ್ಚರವಾಗಿ, ಸ್ವಲ್ಪ ಹೊತ್ತು ಕಣ್ಣು ಬಿಟ್ಟುಕೊಂಡೇ ಮಲಗಿದ್ದು, ಮತ್ತೆ ನಿದ್ದೆ ಹೋಗುತ್ತಾರೆ.